ಬ್ನೇದ್ ಅಲ್ ಗಾರಿನಲ್ಲಿ ಸೆಕೆಂಡ್ ಡಿವಿಷನ್

ಕೆಲವರ ಮನೆತನದಲ್ಲಿ ಸಕ್ಕರೆ ಕಾಯಿಲೆ ಬರುತ್ತದೆ, ಕೆಲವರದರಲ್ಲಿ ಬೋಳುತಲೆ. ನಮ್ಮಲ್ಲಿ ಬಂದದ್ದು ಅನುಮಾನ. ನನ್ನ ಅಜ್ಜಿ ಬಂಗುಡೆ ಕೊಳ್ಳುವಾಗ ಮೀನಿನ ಕಣ್ಣು ನೋಡಿದ್ದು ಸಾಲದೆ ಮೀನು ಮಾರುವವಳ ಕಣ್ಣನ್ನೂ ನೋಡಿಯೇ ಬುಟ್ಟಿಗೆ ಕೈಹಾಕುತ್ತಿದ್ದಳು. ಇಗರ್ಜಿಯಲ್ಲಿ ಪಾದ್ರಿಗಳು "ಕೊನೆಯದಾಗಿ ಒಂದು ಮಾತು" ಎಂದಾಗಲೆಲ್ಲ ಅಪ್ಪ ಗಂಟಲಲ್ಲೇ ನಗುತ್ತಿದ್ದರು. ನಾನು ಇವರಿಬ್ಬರ ಗುಣವನ್ನೂ ಗುಲಗಂಜಿಯಷ್ಟೂ ಕಡಿಮೆಯಿಲ್ಲದೆ ಪಡೆದವನು. ಯಾರಾದರೂ ಹೊಗಳಿದರೆ ಇವನಿಗೆ ಏನೋ ಬೇಕಾಗಿದೆ ಎಂದುಕೊಳ್ಳುತ್ತೇನೆ. ಬೈದರೆ ಇವನಿಗೆ ಯಾರೋ ಹೇಳಿಕೊಟ್ಟಿದ್ದಾರೆ ಎಂದುಕೊಳ್ಳುತ್ತೇನೆ. ಮದುವೆಯಾಗಿ ಹದಿನಾಲ್ಕು ವರ್ಷವಾದರೂ ಹಿಲ್ಡಾ ನನ್ನನ್ನು ಏಕೆ ಒಪ್ಪಿಕೊಂಡಳು ಎಂಬ ವಿಷಯದಲ್ಲಿ ನನ್ನ ತನಿಖೆ ಇನ್ನೂ ಮುಗಿದಿಲ್ಲ. ಇಂಥವನಿಗೆ ದೇವರು ಒಳ್ಳೆಯ ಕೆಲಸವನ್ನೇ ಕೊಟ್ಟಿದ್ದ. ಕುವೈತಿನಲ್ಲಿ ಏರ್‌ಕಂಡೀಷನರ್ ಬಿಡಿಭಾಗ ಮಾರುವ ಕಂಪನಿಯೊಂದರಲ್ಲಿ ನಾನು ಸ್ಟೋರ್‌ಕೀಪರ್. ಹೊರಗೆ ಹನ್ನೆರಡು ಎಂದು ಬರೆದ ಪೆಟ್ಟಿಗೆಯ ಒಳಗೆ ಹನ್ನೆರಡೇ ಇದೆಯೇ ಎಂದು ಬಿಚ್ಚಿ ನೋಡುವುದಕ್ಕೆ ನನಗೆ ಸಂಬಳ. ಸರಿಯಾಗಿ ಹನ್ನೆರಡು ಇದ್ದ ದಿನ ಮನಸ್ಸಿಗೆ ಸ್ವಲ್ಪ ಬೇಸರವಾಗುತ್ತಿತ್ತು ಎಂಬುದನ್ನೂ ಮುಚ್ಚಿಡುವುದಿಲ್ಲ.

ಈ ಗುಣ ನನ್ನನ್ನು ಎಲ್ಲಿಗೆ ಕೊಂಡೊಯ್ಯಿತು ಎಂಬುದನ್ನು ಹೇಳಬೇಕಾದರೆ ೧೯೯೦ರ ಆಗಸ್ಟಿನಿಂದ ಶುರುಮಾಡಬೇಕು. ಆಗ ಇರಾಕಿನ ಸೈನ್ಯ ಕುವೈತಿಗೆ ನುಗ್ಗಿತು. ನಮ್ಮ ಇಬ್ಬರು ಮಕ್ಕಳು ಬೇಸಿಗೆ ರಜೆಗೆಂದು ಮಂಗಳೂರಿನಲ್ಲಿ ಅಜ್ಜಿಯ ಮನೆಗೆ ಹೋಗಿದ್ದರು. ಅದು ನಮ್ಮ ಪುಣ್ಯ. ನಮ್ಮ ಊರಿನವರೆಲ್ಲ ಸಿಕ್ಕ ಬಸ್ಸು ಹತ್ತಿ, ಮರುಭೂಮಿ ದಾಟಿ, ಜೋರ್ಡಾನಿಗೆ ಹೋಗಿ ಅಲ್ಲಿಂದ ವಿಮಾನ ಹಿಡಿಯುತ್ತಿದ್ದರು. ಹಿಲ್ಡಾ ಆಸ್ಪತ್ರೆಯಲ್ಲಿ ನರ್ಸು. ವಾರ್ಡಿನಲ್ಲಿ ಮಲಗಿದವರನ್ನು ಬಿಟ್ಟು ಬರುವುದಿಲ್ಲ ಎಂದಳು. ನಾನು ಅವಳಿಗಾಗಿ ಉಳಿದೆ ಎಂದು ಇವತ್ತಿಗೂ ಎಲ್ಲರಿಗೂ ಹೇಳುತ್ತೇನೆ. ನಿಜವೆಂದರೆ, ಗಡಿಯಲ್ಲಿ ಡೇರೆ, ನೀರು, ಊಟ ಎಲ್ಲ ಕೊಡುತ್ತಾರಂತೆ ಎಂದು ಜನ ಹೇಳಿದ್ದನ್ನು ನಾನು ನಂಬಿರಲಿಲ್ಲ.

ನಾವಿದ್ದದ್ದು ಕುವೈತ್ ನಗರದ ಬ್ನೇದ್ ಅಲ್ ಗಾರ್ ಬಡಾವಣೆಯ ಐದು ಮಹಡಿಯ ಕಟ್ಟಡದಲ್ಲಿ. ಸೆಪ್ಟೆಂಬರ್ ಹೊತ್ತಿಗೆ ಹೆಚ್ಚಿನ ಫ್ಲ್ಯಾಟುಗಳಿಗೆ ಬೀಗ ಬಿದ್ದಿತ್ತು. ಕೆಳಗಡೆ ಕಾವಲುಗಾರ ಅಬು ತಾಹಿರ್ ಮಾತ್ರ ಎಂದಿನಂತೆ ಬೆಂಚಿನ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದ. ಸೂಡಾನಿನವನು, ಉದ್ದಕ್ಕೆ ಬೆಳೆದವನು, ಕಡಿಮೆ ಮಾತಿನವನು. ಗಸ್ತಿಗೆ ಬರುವ ಸೈನಿಕರ ಜೊತೆ ಅವನು ಸಿಗರೇಟು ಹಂಚಿಕೊಳ್ಳುವುದನ್ನು ನಾನು ಬಾಲ್ಕನಿಯಿಂದ ನೋಡಿದ್ದೆ. ಇವನು ಅವರ ಕಡೆಯ ಮನುಷ್ಯ ಎಂದು ಅಂದೇ ತೀರ್ಮಾನಿಸಿದೆ. ಅವನ ಎದುರು ಹವಾಮಾನದ ಬಗ್ಗೆ ಕೂಡ ಜೋಪಾನವಾಗಿ ಮಾತಾಡಬೇಕೆಂದು ಹಿಲ್ಡಾಳಿಗೆ ತಾಕೀತು ಮಾಡಿದೆ. ಸೆಪ್ಟೆಂಬರಿನಲ್ಲಿ ಕುವೈತಿನ ಹವಾಮಾನದ ಬಗ್ಗೆ ಹೇಳುವಂಥದ್ದು ಎಂತ ಉಂಟು ಎಂದು ಅವಳು ಕೇಳಿದಳು.

ಆದರೆ ನನ್ನ ಮೊದಲ ಗಂಭೀರ ಅನುಮಾನ ಬಂದದ್ದು ಹಿಲ್ಡಾಳ ಮೇಲೆಯೇ. ಮನೆಯ ಕುಚಲಕ್ಕಿ ಲೆಕ್ಕಕ್ಕಿಂತ ಬೇಗ ಇಳಿಯುತ್ತಿತ್ತು. ಬೇಕರಿಯ ಸಾಲಿನಲ್ಲಿ ನಿಂತು ನಾನು ತಂದ ಖುಬ್ಬೂಸ್ ರೊಟ್ಟಿಗಳಲ್ಲಿ ದಿನಾ ಮೂರು ಮಾಯವಾಗುತ್ತಿದ್ದವು. ಮಾವಿನಕಾಯಿ ಉಪ್ಪಿನಕಾಯಿಯ ಭರಣಿಯಲ್ಲಿ ನಾನು ತೆಗೆಯದ ಹೋಳುಗಳು ಖಾಲಿಯಾಗಿದ್ದವು. ಕೇಳಿದರೆ "ಹಸಿವಾಗ್ತದೆ ಮಾರಾಯ್ರೆ" ಎನ್ನುತ್ತಿದ್ದಳು. ಅವಳ ತೂಕ ಮಾತ್ರ ಇಳಿಯುತ್ತಿತ್ತು. ಒಂದು ಸಂಜೆ ಅವಳು ಮುಚ್ಚಳದ ಪಾತ್ರೆ ಹಿಡಿದು ಮೆಟ್ಟಿಲು ಹತ್ತಿದಾಗ ನಾನು ಚಪ್ಪಲಿ ಕೈಯಲ್ಲಿ ಹಿಡಿದು ಹಿಂದೆ ಹತ್ತಿದೆ. ನಾಲ್ಕನೇ ಮಹಡಿಯಲ್ಲಿ, ಲೆಬನಾನಿನ ಮೇಷ್ಟ್ರೊಬ್ಬರು ಬೀಗ ಹಾಕಿ ರಜೆಗೆ ಹೋಗಿದ್ದ ಫ್ಲ್ಯಾಟಿನ ಬಾಗಿಲು ತೆರೆಯಿತು. ನಾನು ಎದೆ ಗಟ್ಟಿಮಾಡಿಕೊಂಡು ಒಳಗೆ ನುಗ್ಗಿದೆ. ಅಡುಗೆಮನೆಯ ನೆಲದ ಮೇಲೆ ಆರಡಿ ಮೂರಂಗುಲದ ಬಿಳಿಯನೊಬ್ಬ ಕುಳಿತು ನಮ್ಮ ಗಂಜಿಯನ್ನು ನಮ್ಮ ಉಪ್ಪಿನಕಾಯಿಯ ಜೊತೆ ಉಣ್ಣುತ್ತಿದ್ದ. ಖಾರಕ್ಕೋ ಭಯಕ್ಕೋ ಅವನ ಕಣ್ಣಲ್ಲಿ ನೀರಿತ್ತು.

ಹಿಲ್ಡಾ ಶಾಂತವಾಗಿ, ಇವರು ನನ್ನ ಗಂಡ ಬೋನಿ ಎಂದು ಅವನಿಗೆ ಹೇಳಿ, ಅವನನ್ನು ನನಗೆ ಪರಿಚಯ ಮಾಡಿಸಿದಳು. ಹೆಸರು ಕೀತ್. ಇಂಗ್ಲೆಂಡಿನವನು, ಉಪ್ಪುನೀರು ಸಿಹಿ ಮಾಡುವ ಸ್ಥಾವರದಲ್ಲಿ ಪಂಪು ರಿಪೇರಿಯ ಇಂಜಿನಿಯರು. ಸೈನಿಕರು ಇಂಗ್ಲಿಷರನ್ನೂ ಅಮೆರಿಕನ್ನರನ್ನೂ ಹಿಡಿದು ಬಾಗ್ದಾದಿಗೆ ಒಯ್ಯುತ್ತಿದ್ದರು. ಇವನು ಒಂದೇ ಚೀಲ ಹಿಡಿದು ಓಡಿಬಂದಿದ್ದ. ಆ ಮೇಷ್ಟ್ರು ಇವನ ಸ್ನೇಹಿತರಾದ್ದರಿಂದ ಬೀಗದ ಕೈ ಇತ್ತು. ತಾರಸಿಗೆ ಬಟ್ಟೆ ಒಣಹಾಕಲು ಹೋಗುತ್ತಿದ್ದ ಹಿಲ್ಡಾಳಿಗೆ ಈ ಖಾಲಿ ಮನೆಯೊಳಗಿಂದ ಕೆಮ್ಮು ಕೇಳಿತಂತೆ. ಕೆಮ್ಮು ಕೇಳಿಯೂ ಸುಮ್ಮನಿರುವ ನರ್ಸು ಎಲ್ಲಿದ್ದಾಳೆ? ಅಡಗಿದ ವಿದೇಶಿಯರಿಗೆ ಆಶ್ರಯ ಕೊಟ್ಟವರಿಗೆ ಮರಣದಂಡನೆ ಎಂದು ಆಗ ಸಾರಿದ್ದರು. ಅದನ್ನು ನೆನಪಿಸಿದೆ. "ನನಗೆ ಗೊತ್ತುಂಟು. ಅದಕ್ಕೇ ನಿಮಗೆ ಹೇಳಲಿಲ್ಲ" ಎಂದಳು. ಹೆಂಡತಿ ಸುಳ್ಳು ಹೇಳಿದ್ದಕ್ಕೆ ಕೋಪಿಸಿಕೊಳ್ಳಬೇಕೋ, ನನ್ನನ್ನು ಉಳಿಸಲು ಹೇಳಿದ್ದಕ್ಕೆ ಕರಗಬೇಕೋ ತಿಳಿಯದೆ ನಾನು ಉಪ್ಪಿನಕಾಯಿ ಕಡಿಮೆ ಹಾಕು ಎಂದಷ್ಟೇ ಹೇಳಿ ಕೆಳಗಿಳಿದೆ.

ಮೂರನೇ ದಿನ ಕೀತ್ ಒಂದು ಕೋರಿಕೆ ಇಟ್ಟ. ಲಂಡನ್ ರೇಡಿಯೋದಲ್ಲಿ ಸಂಜೆ ಹೊತ್ತು, ಕುವೈತಿನಲ್ಲಿ ಸಿಕ್ಕಿಬಿದ್ದವರಿಗೆ ಅವರ ಮನೆಯವರು ಕಳಿಸಿದ ಸಂದೇಶಗಳನ್ನು ಓದುತ್ತಾರೆ. ತನ್ನ ಬಳಿ ರೇಡಿಯೋ ಇಲ್ಲ. ತನ್ನ ಅಪ್ಪ ಖಂಡಿತ ಕಳಿಸುತ್ತಾನೆ, ನಿಜವಾದ ಹೆಸರು ಹೇಳದೆ ಸ್ಪ್ಯಾರೋ ಎಂಬ ಮನೆಯ ಅಡ್ಡಹೆಸರಿಗೆ. ಕೇಳಿ ಬರೆದುಕೊಡುತ್ತೀಯಾ ಎಂದ. ನನ್ನ ರೇಡಿಯೋವನ್ನೇ ಅವನಿಗೆ ಕೊಡಬಹುದಿತ್ತು. ಬೀಗ ಹಾಕಿದ ಮನೆ ಮಾತಾಡಬಾರದು ಎಂದು ಕಾರಣ ಹೇಳಿದೆ. ಅದು ಸರಿಯಾದ ಕಾರಣವೇ. ಆದರೆ ನಾಲ್ಕು ಬ್ಯಾಂಡಿನ ಆ ರೇಡಿಯೋವನ್ನು ನಾನು ಯಾರ ಕೈಗೂ ಕೊಟ್ಟವನಲ್ಲ ಎಂಬುದು ಇನ್ನೂ ಸರಿಯಾದ ಕಾರಣ.

ಆ ಭಾನುವಾರ ಕಳೆದು ಮಂಗಳವಾರ ಸಂದೇಶ ಬಂತು. ಗೊರಗೊರ ಸದ್ದಿನ ನಡುವೆ ಒಂದು ಹೆಣ್ಣುದನಿ ಓದಿತು: "ಸ್ಪ್ಯಾರೋಗೆ ಅಪ್ಪನಿಂದ. ಎಲ್ಲರೂ ಕ್ಷೇಮ. ಮನೆಯಲ್ಲಿ ಹದಿನಾಲ್ಕು, ಎಂಟು. ನಾವು ನಾಲ್ಕನೆಯವರು. ಮುಂದಿನ ವಾರ ಹೊರಗೆ." ಅಷ್ಟೇ. ಉಳಿದವರ ಹೆಂಡಿರು ಮಕ್ಕಳು ಪ್ರೀತಿ, ಮುತ್ತು, ಪ್ರಾರ್ಥನೆ ಕಳಿಸುತ್ತಿದ್ದರೆ ಈ ಅಪ್ಪ ಅಂಕಿ ಕಳಿಸಿದ್ದ. ಅದೂ ಆರಡಿ ಮೂರಂಗುಲದ ಮಗನನ್ನು ಗುಬ್ಬಚ್ಚಿ ಎಂದು ಕರೆದು. ನನ್ನ ಬೆನ್ನಹುರಿಯಲ್ಲಿ ಅಜ್ಜಿ ಎದ್ದು ಕುಳಿತಳು. ಚೀಟಿ ಕೊಟ್ಟಾಗ ಕೀತ್ ಅದನ್ನು ಓದಿ, ಕಣ್ಣು ಮುಚ್ಚಿ, ಒಬ್ಬನೇ ನಕ್ಕ. ಇದು ಏನು ಎಂದು ಕೇಳಿದೆ. ರಗ್ಬಿ ಆಟದ ಸ್ಕೋರು, ಮನೆ ಎಂದರೆ ನಮ್ಮ ಊರಿನ ಮೈದಾನ ಎಂದ. ಹದಿನೈದು ಜನರ ಆಟವಲ್ಲವೇ ಎಂದೆ. ನಾನು ಪೇಪರು ಓದುವವನು. ಅಲ್ಲ, ಅದು ಬೇರೆ ರಗ್ಬಿ, ನಮ್ಮದು ಹದಿಮೂರು ಜನರದ್ದು, ಲೀಗು ಎನ್ನುತ್ತಾರೆ, ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಮಾತ್ರ ಆಡುತ್ತಾರೆ ಎಂದ. ತಮ್ಮ ಊರಿನ ಟೀಮು ಮೊದಲ ದರ್ಜೆಯದ್ದಲ್ಲ, ಸೆಕೆಂಡ್ ಡಿವಿಷನ್ನಿನದು. ಆಟಗಾರರಿಗೆ ಸಂಬಳ ಉಂಟು, ಆದರೆ ಅದರಿಂದ ಹೊಟ್ಟೆ ತುಂಬದ ಕಾರಣ ವಾರವಿಡೀ ಒಬ್ಬ ಲಾರಿ ಓಡಿಸುತ್ತಾನೆ, ಒಬ್ಬ ಗಾರೆ ಕೆಲಸ ಮಾಡುತ್ತಾನೆ, ಭಾನುವಾರ ಕೆಸರಿನಲ್ಲಿ ಬಿದ್ದು ಮೂಗು ಒಡೆದುಕೊಳ್ಳುತ್ತಾರೆ. ಋತುವಿನ ಕೊನೆಗೆ ಮೊದಲ ಮೂರು ಸ್ಥಾನ ಪಡೆದವರು ಮೇಲಿನ ಡಿವಿಷನ್ನಿಗೆ ಹೋಗುತ್ತಾರೆ. ಅವನ ಅಪ್ಪ ಐವತ್ತು ವರ್ಷದಿಂದ ಒಂದೇ ಕಂಬಕ್ಕೆ ಒರಗಿ ನಿಂತು ನೋಡುತ್ತಿದ್ದಾನಂತೆ.

ಇದರಲ್ಲಿ ಒಂದು ಮಾತನ್ನೂ ನಾನು ನಂಬಲಿಲ್ಲ. ನೀವೇ ಯೋಚಿಸಿ. ಪೇಪರಿನಲ್ಲಿ ಬಾರದ ಆಟ. ದೇಶದ ಅರ್ಧ ಭಾಗಕ್ಕೆ ಗೊತ್ತಿಲ್ಲದ ಆಟ. ಅದರಲ್ಲೂ ಎರಡನೇ ದರ್ಜೆ. ಪ್ರಾಣ ಕೈಯಲ್ಲಿ ಹಿಡಿದು ಅಡಗಿದವನಿಗೆ ಅದರ ಸುದ್ದಿ ಯಾಕೆ? ಇದು ಗುಪ್ತಸಂಕೇತ ಎಂದು ನನಗೆ ಖಚಿತವಾಯಿತು. ಹದಿನಾಲ್ಕು, ಎಂಟು ಎಂದರೆ ಹದಿನಾಲ್ಕನೇ ತಾರೀಕು ಎಂಟು ಗಂಟೆ. ಆ ದಿನ ಆ ಹೊತ್ತಿಗೆ ನಾನು ಕಿಟಕಿಯಲ್ಲೇ ನಿಂತಿದ್ದೆ. ಎದುರು ರಸ್ತೆಯಲ್ಲಿ ಒಂದು ಮಿಲಿಟರಿ ಲಾರಿ ಕೆಟ್ಟು ನಿಂತಿತು. ನನಗೆ ಅಷ್ಟು ಸಾಕಾಯಿತು. ಮುಂದಿನ ವಾರ ಆರು, ಮೂವತ್ತು. ಬೆಳಿಗ್ಗೆ ಆರೂವರೆಗೆ ಎದ್ದು ನೋಡಿದರೆ ಏನೂ ಆಗಲಿಲ್ಲ. ಏನೂ ಆಗದಂತೆ ಯಾರೋ ತಡೆದಿದ್ದಾರೆ ಎಂದು ಅರ್ಥಮಾಡಿಕೊಂಡೆ. ಹಿಲ್ಡಾಳಿಗೆ ಹೇಳಿದಾಗ ಅವಳು ನನ್ನ ಹಣೆ ಮುಟ್ಟಿ ನೋಡಿದಳು. ಆಮೇಲೆ, ನಿಮ್ಮ ಸ್ಟೋರು ಬೇಗ ತೆರೆದರೆ ಒಳ್ಳೆಯದಿತ್ತು ಎಂದಳು.

ಅಕ್ಟೋಬರಿನಲ್ಲಿ ನಾನು ಒಂದು ಪರೀಕ್ಷೆ ಮಾಡಿದೆ. ಆ ವಾರದ ಸಂದೇಶ ಹೀಗಿತ್ತು: ಮನೆಯಲ್ಲೇ ಹತ್ತು, ಇಪ್ಪತ್ತಾರು; ಸೋತೆವು; ಏಳನೆಯವರು; ಮಳೆ. ನಾನು ಚೀಟಿಯಲ್ಲಿ ತಿರುಗಿಸಿ ಬರೆದೆ: ಇಪ್ಪತ್ತಾರು, ಹತ್ತು, ಗೆದ್ದೆವು, ಮೂರನೆಯವರು. ತಪ್ಪು ಸಂಕೇತ ಸಿಕ್ಕ ಗೂಢಚಾರ ತಪ್ಪು ಕೆಲಸ ಮಾಡಿ ಸಿಕ್ಕಿಬೀಳುತ್ತಾನೆ ಎಂಬುದು ನನ್ನ ಲೆಕ್ಕಾಚಾರ. ಚೀಟಿ ಓದಿದ ಕೀತ್ ಮಾಡಿದ್ದು ಇಷ್ಟೇ. ಮೊದಲು ಬಾಯಿ ಮುಚ್ಚಿಕೊಂಡ. ಆಮೇಲೆ ನನ್ನನ್ನು ಎತ್ತಿದ. ಎತ್ತಿಕೊಂಡೇ ಎರಡು ಸಲ ಕುಣಿದ. ಕುರ್ಚಿ ಉರುಳಿತು. ಅದರ ಸದ್ದು ಖಾಲಿ ಕಟ್ಟಡದಲ್ಲಿ ನಾಲ್ಕು ಮಹಡಿ ಇಳಿದು ನೆಲಮಾಳಿಗೆ ಮುಟ್ಟಿತು ಎಂದು ನನಗೆ ಸ್ಪಷ್ಟವಾಗಿ ಕೇಳಿಸಿತು. ಇಬ್ಬರೂ ಬಾಗಿಲಿನ ಕಡೆ ಕಿವಿಗೊಟ್ಟೆವು. ಇನ್ನೂ ನಾನು ಅವನ ತೋಳಿನಲ್ಲೇ ಇದ್ದೆ.

ಮರುದಿನ ಬೆಳಿಗ್ಗೆ ಅಬು ತಾಹಿರ್ ನಮ್ಮ ಬಾಗಿಲು ತಟ್ಟಿದ. ಹಿಲ್ಡಾ ಡ್ಯೂಟಿಗೆ ಹೋಗಿದ್ದಳು. ಖಲಾಸ್, ಮುಗಿಯಿತು, ಇವನ ಹಿಂದೆ ಸೈನಿಕರಿದ್ದಾರೆ ಎಂದುಕೊಂಡೇ ಬಾಗಿಲು ತೆಗೆದೆ. ಅವನೊಬ್ಬನೇ ಇದ್ದ. ನನ್ನ ಮುಖ ನೋಡದೆ, ಗೋಡೆಗೆ ಹೇಳುವವನಂತೆ ಹೇಳಿದ.

"ಸದೀಖ್, ಗೆಳೆಯಾ, ನಾಲ್ಕನೇ ಮಹಡಿಯಲ್ಲಿ ಇಲಿ ಉಂಟು ಎಂದು ನಾನು ಸೈನಿಕರಿಗೆ ಎರಡು ಸಲ ಹೇಳಿ ಕಳಿಸಿದ್ದೇನೆ. ಇಲಿ ಓಡುತ್ತದೆ, ಕಚ್ಚುತ್ತದೆ. ಆದರೆ ಕುಣಿಯುವುದಿಲ್ಲ."

ಅವನಿಗೆ ಮೊದಲ ವಾರವೇ ಗೊತ್ತಿತ್ತಂತೆ; ಖಾಲಿ ಮನೆಗೆ ನೀರು ಏರುವುದಿಲ್ಲ, ಆ ಮನೆಗೆ ಏರುತ್ತಿತ್ತು. ಸಿಗರೇಟು ಕೊಟ್ಟು ಸೈನಿಕರನ್ನು ಬೆಂಚಿನಲ್ಲೇ ಕೂರಿಸಿಕೊಳ್ಳುವುದು ಅವರು ಮೆಟ್ಟಿಲು ಹತ್ತದಿರಲಿ ಎಂದು. ಅಷ್ಟು ಹೇಳಿ, ಕಾಗದದಲ್ಲಿ ಸುತ್ತಿದ ಸಕ್ಕರೆ ಪೊಟ್ಟಣವೊಂದನ್ನು ಮೇಲಿನವನಿಗೆ ಎಂದು ನನ್ನ ಕೈಗಿಟ್ಟು ಇಳಿದುಹೋದ. ಎರಡು ತಿಂಗಳು ಅವನಿಗೆ ಸಲಾಂ ಹೇಳುವಾಗಲೂ ಲೆಕ್ಕ ಹಾಕಿ ಹೇಳುತ್ತಿದ್ದ ನನಗೆ ಆ ಸಕ್ಕರೆ ತುಂಬ ಭಾರವಾಗಿತ್ತು. ಆದರೂ ಮೇಲೆ ಕೊಡುವ ಮೊದಲು ಒಂದು ಚಿಟಿಕೆ ಬಾಯಿಗೆ ಹಾಕಿ ನೋಡಿದೆ. ಸಕ್ಕರೆಯೇ.

ಕೀತ್ ಗೂಢಚಾರನಲ್ಲ ಎಂಬುದಂತೂ ಸಾಬೀತಾಯಿತು. ಅಂಥ ಗಾತ್ರದ ಮನುಷ್ಯ ಅಂಥ ಸಮಯದಲ್ಲಿ ಹಾಗೆ ಕುಣಿಯಬೇಕಾದರೆ ಅದು ಆಟವೇ ಆಗಿರಬೇಕು. ಅಲ್ಲಿಗೆ ನಿಜ ಹೇಳಿ ಮುಗಿಸಬಹುದಿತ್ತು. ಹೇಳೋಣವೆಂದು ಮೆಟ್ಟಿಲು ಹತ್ತಿದೆ ಕೂಡ. ಆದರೆ ಆ ದಿನ ಅವನು ಗಡ್ಡ ಬಾಚಿಕೊಂಡಿದ್ದ. ಗಂಜಿಯನ್ನು ಎರಡು ಸಲ ಹಾಕಿಸಿಕೊಂಡ. ಊರಿಗೆ ಹೋದ ಮೇಲೆ ಅಪ್ಪನ ಜೊತೆ ಆ ಕಂಬಕ್ಕೆ ಒರಗಿ ಮೊದಲ ಡಿವಿಷನ್ನಿನ ಆಟ ನೋಡುವುದನ್ನು ವಿವರಿಸಿದ. ಊರಿಗೆ ಹೋದ ಮೇಲೆ ಎಂಬ ಮಾತನ್ನು ಅವನು ಅದುವರೆಗೆ ಆಡಿರಲಿಲ್ಲ. ನಾನು ಬಾಯಿ ಮುಚ್ಚಿಕೊಂಡು ಇಳಿದು ಬಂದೆ.

ಸುಳ್ಳಿಗೆ ಕಾಲಿಲ್ಲ ಎನ್ನುತ್ತಾರೆ. ಆದ್ದರಿಂದಲೇ ಅದನ್ನು ನಾವು ಹೊತ್ತುಕೊಂಡು ತಿರುಗಬೇಕಾಗುತ್ತದೆ. ಮುಂದಿನ ವಾರ ಅಪ್ಪನ ಸಂದೇಶ: ಮತ್ತೆ ಸೋತೆವು, ಎಂಟನೆಯವರು. ಮೂರನೆಯವರಾದವರು ಒಂದೇ ವಾರದಲ್ಲಿ ಎಂಟಕ್ಕೆ ಇಳಿಯುವುದು ಹೇಗೆ? ಗೆಲ್ಲಿಸಿದೆ. ಅದರ ಮುಂದಿನ ವಾರವೂ ಗೆಲ್ಲಿಸಿದೆ. ಸಂಶಯ ಬಾರದಿರಲೆಂದು ಒಮ್ಮೆ ಸಮ ಮಾಡಿದೆ. ನವೆಂಬರ್ ಹೊತ್ತಿಗೆ ಇಂಗ್ಲೆಂಡಿನ ಕೆಸರಿನಲ್ಲಿ ಒಂದು ಟೀಮು ಹನ್ನೊಂದನೇ ಸ್ಥಾನದಲ್ಲಿ ನರಳುತ್ತಿತ್ತು. ಬ್ನೇದ್ ಅಲ್ ಗಾರಿನಲ್ಲಿ ಅದೇ ಟೀಮು ಎಲ್ಲರಿಗಿಂತ ಮೇಲಿತ್ತು. ಕೀತ್ ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಪಟ್ಟಿ ಮಾಡಿ ಗೋಡೆಗೆ ಆನಿಸಿಟ್ಟಿದ್ದ. ನನಗೂ ಒಂದು ತೆರನ ಹುರುಪು ಬಂದಿತ್ತು. ಬರೇ ಅಂಕಿ ಒಣಒಣ ಅನ್ನಿಸಿ ಒಂದು ವಾರ "ಬಹಳ ಸುಂದರವಾದ ಜಯ, ಮಗನೇ, ನಿನ್ನ ನೆನಪಾಯಿತು" ಎಂದೂ ಸೇರಿಸಿದೆ. ಅದೇ ಸಂಜೆ ರೇಡಿಯೋದ ಮುಂದೆ ಕುಳಿತು ನಿಜವಾದ ಸೋಲನ್ನು ಕೇಳುವಾಗ, ಹಾಳಾದವರು ಒಂದು ಸಲವಾದರೂ ಗೆಲ್ಲಬಾರದೇ ಎಂದು ನನಗೇ ಹೊಟ್ಟೆ ಉರಿಯುತ್ತಿತ್ತು.

ಆ ಸುಂದರವಾದ ಜಯದ ನಂತರ ಕೀತ್ ನನಗೆ ಬಾಗಿಲು ತೆರೆಯುವುದನ್ನು ನಿಲ್ಲಿಸಿದ. ನಾನು ತಟ್ಟಿದರೆ ಸದ್ದಿಲ್ಲ. ಹಿಲ್ಡಾ ತಟ್ಟಿದರೆ ತೆರೆಯುತ್ತಿತ್ತು. ಒಂದು ಮಧ್ಯಾಹ್ನ ನಾನು ಮಾಡಿ ಕಳಿಸಿದ್ದ ಮೊಟ್ಟೆ ಸಾರು ಹಾಗೆಯೇ ವಾಪಸು ಬಂತು.

"ನಿಮ್ಮ ಕೈಯದ್ದು ತಿನ್ನುವುದಿಲ್ಲವಂತೆ" ಎಂದಳು ಹಿಲ್ಡಾ. "ನೀವು ಇರಾಕಿನವರ ಕಡೆಯವರು ಅಂತ ಅವನಿಗೆ ಡೌಟು. ಎಂತ ಮಾಡಿದ್ದೀರಿ ನೀವು?"

ಎಲ್ಲವನ್ನೂ ಹೇಳಿದೆ. ಅವಳು ಯೂನಿಫಾರ್ಮಿನಲ್ಲೇ ಬೆತ್ತದ ಸ್ಟೂಲಿನ ಮೇಲೆ ಕುಳಿತು ಕೇಳಿದಳು. ನಗಲಿಲ್ಲ, ಬೈಯಲೂ ಇಲ್ಲ. ಹದಿನಾಲ್ಕು ವರ್ಷದಲ್ಲಿ ನೀವು ಒಬ್ಬರನ್ನು ಖುಷಿಪಡಿಸಲಿಕ್ಕೆ ಇಷ್ಟು ಕಷ್ಟಪಟ್ಟದ್ದು ಇದೇ ಮೊದಲು, ಅದನ್ನೂ ಸರಿಯಾಗಿ ಮಾಡಲಿಕ್ಕೆ ಆಗಲಿಲ್ಲ ಎಂದಳು. ಆಮೇಲೆ ನನ್ನನ್ನು ಮುಂದಿಟ್ಟುಕೊಂಡು ಮೇಲೆ ಹತ್ತಿ ತಾನೇ ಬಾಗಿಲು ತಟ್ಟಿದಳು.

ಕೀತ್ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದ. ಕೈಯಲ್ಲಿ ಬಾಣಲೆ ಇತ್ತು. ಅವನ ಕಣ್ಣಲ್ಲಿದ್ದದ್ದನ್ನು ನಾನು ಚೆನ್ನಾಗಿ ಬಲ್ಲೆ. ದಿನಾ ಕನ್ನಡಿಯಲ್ಲಿ ನೋಡುವುದು ಅದನ್ನೇ.

"ನನ್ನ ಅಪ್ಪ ಜೀವಮಾನದಲ್ಲಿ 'ಸುಂದರ' ಎಂಬ ಮಾತು ಆಡಿದವನಲ್ಲ, ಬೋನಿ" ಎಂದ. "ನನ್ನ ಅಮ್ಮನ ಬಗ್ಗೆಯೂ ಆಡಿಲ್ಲ. ಆ ಚೀಟಿ ನಿನಗೆ ಯಾರು ಬರೆದುಕೊಟ್ಟರು?"

ನಾನೇ ಬರೆದೆ ಎಂದೆ. ನಾನು ಜೇಬಿನಿಂದ ನೋಟ್‌ಪುಸ್ತಕ ತೆಗೆದೆ. ಸುಳ್ಳನ್ನು ಕೊಟ್ಟರೂ ನಿಜವನ್ನು ತಾರೀಕು ಹಾಕಿ ಬರೆದಿಟ್ಟಿದ್ದೆ, ಸ್ಟೋರ್‌ಕೀಪರನ ಚಾಳಿ. ಎಲ್ಲಾ ಓದು ಎಂದ. ಓದಿದೆ. ಹತ್ತು, ಇಪ್ಪತ್ತಾರು, ಸೋತೆವು, ಮಳೆ. ನಾಲ್ಕು, ಹದಿನೆಂಟು, ಸೋತೆವು, ಲಾರಿಯವನ ಕೈ ಮುರಿಯಿತು. ಹನ್ನೆರಡು, ಹದಿಮೂರು, ಸೋತೆವು, ರೆಫರಿಗೆ ಕಣ್ಣು ಕಾಣುವುದಿಲ್ಲ. ಒಂದೊಂದು ಸೋಲಿಗೂ ಅವನ ಕೈಯ ಬಾಣಲೆ ಸ್ವಲ್ಪ ಸ್ವಲ್ಪ ಕೆಳಗಿಳಿಯಿತು. ಹನ್ನೊಂದನೆಯವರು, ಚಳಿ, ನಿನ್ನ ಜಾಗ ಖಾಲಿ ಇಟ್ಟಿದ್ದೇನೆ ಎಂಬಲ್ಲಿಗೆ ಬಂದಾಗ ಅವನು ನೆಲದ ಮೇಲೆ ಕುಳಿತ. ಅತ್ತನೋ ನಕ್ಕನೋ ಹೇಳಲಾರೆ. ಎರಡರಲ್ಲೂ ಭುಜ ಅಲುಗುತ್ತದೆ.

"ಇದು ನಮ್ಮ ಟೀಮು" ಎಂದ. "ಇದು ನನ್ನ ಅಪ್ಪ."

ಹಿಲ್ಡಾ ಮೊಟ್ಟೆ ಸಾರು ಬಿಸಿ ಮಾಡಿ ತಂದಳು. ಉಣ್ಣುವಾಗ ಕೀತ್ ರಟ್ಟಿನ ಪಟ್ಟಿಯನ್ನು ಅಳಿಸಿ ಮೊದಲಿನಿಂದ ಬರೆದ. ನನ್ನನ್ನು ಕ್ಷಮಿಸಿದ್ದೇನೆ ಎಂದು ಹೇಳಲಿಲ್ಲ. ಅಂದಿನಿಂದ ನಾನು ಚೀಟಿ ಕೊಟ್ಟಾಗ ಮಾತ್ರ, ಇದು ನಿಜವಾ ಎಂದು ಹಿಲ್ಡಾಳ ಮುಖ ನೋಡುತ್ತಿದ್ದ. ಅವಳು ತಲೆಯಾಡಿಸಿದ ಮೇಲೆಯೇ ಪೆನ್ಸಿಲು ಎತ್ತುತ್ತಿದ್ದ.

ಡಿಸೆಂಬರಿನಲ್ಲಿ ವಿದೇಶಿಯರನ್ನೆಲ್ಲ ಬಿಟ್ಟುಬಿಡುತ್ತೇವೆಂದು ಘೋಷಣೆಯಾಯಿತು. ನಾನು ನಂಬಲಿಲ್ಲ, ಮೂರು ದಿನ ತಡೆದು ನೋಡೋಣ ಎಂದೆ. ಅಬು ತಾಹಿರ್ ವಿಚಾರಿಸಿ ಬಂದು ನಿಜವೆಂದ ಮೇಲೆ ಕೀತ್ ನಾಲ್ಕು ತಿಂಗಳ ನಂತರ ಹಗಲಿನಲ್ಲಿ ಮೆಟ್ಟಿಲು ಇಳಿದ. ಬಿಸಿಲಿಗೆ ಕಣ್ಣು ಬಿಡಲಾಗದೆ ನಮ್ಮಿಬ್ಬರ ಕೈ ಹಿಡಿದುಕೊಂಡ. ಬಾಗಿಲಿನಲ್ಲಿ ಅಬು ತಾಹಿರನನ್ನು ತಬ್ಬಿಕೊಂಡು ಏನೋ ಹೇಳಿದ. ಒಬ್ಬರ ಭಾಷೆ ಒಬ್ಬರಿಗೆ ಬಾರದ್ದರಿಂದ ಬಹಳ ಹೊತ್ತು ಹಿಡಿಯಿತು. ಅವನು ಹೋದ ಮೇಲೂ ನಾನು ಯುದ್ಧ ಶುರುವಾಗುವವರೆಗೆ ವಾರವಾರ ರೇಡಿಯೋ ಹಚ್ಚಿ ಕುಳಿತೆ. ಸ್ಪ್ಯಾರೋನ ಅಪ್ಪನಿಗೆ ಇನ್ನು ಸಂದೇಶ ಕಳಿಸುವ ಕೆಲಸವಿರಲಿಲ್ಲ. ಜನವರಿಯಲ್ಲಿ ಬಾಂಬು, ಫೆಬ್ರುವರಿಯಲ್ಲಿ ಎಣ್ಣೆಬಾವಿಗಳ ಕಪ್ಪು ಹೊಗೆ, ಆಮೇಲೆ ಬಿಡುಗಡೆ. ನಾನು, ಹಿಲ್ಡಾ, ಅಬು ತಾಹಿರ್ ಮೂವರೂ ಬದುಕಿದೆವು.

ಅಂಚೆ ಶುರುವಾಗಿ ತಿಂಗಳುಗಳಾದ ಮೇಲೆ ಕೀತನ ಪತ್ರ ಬಂತು. ಕ್ರಿಸ್ಮಸ್ ಕಳೆದ ಮೇಲೆ ಟೀಮಿಗೆ ಅದೇನು ಹಿಡಿಯಿತೋ, ಗೆಲ್ಲುತ್ತ ಗೆಲ್ಲುತ್ತ ಕೊನೆಯ ಭಾನುವಾರ ಮೂರನೇ ಸ್ಥಾನಕ್ಕೆ ಬಂದು ಮೊದಲ ಡಿವಿಷನ್ನಿಗೆ ಏರಿತಂತೆ. ಅಪ್ಪ ಮಗ ಇಬ್ಬರೂ ಕಂಬಕ್ಕೆ ಒರಗಿ ನೋಡಿದರಂತೆ. ಜೊತೆಗೆ ಊರಿನ ಪತ್ರಿಕೆಯ ತುಣುಕೊಂದನ್ನು ಕತ್ತರಿಸಿ ಇಟ್ಟಿದ್ದ. ನನಗೆ ಎಷ್ಟು ಸಂತೋಷವಾಯಿತೆಂದರೆ ಹಿಲ್ಡಾಳನ್ನು ಎತ್ತಲು ಹೋಗಿ ಸೊಂಟ ಹಿಡಿದುಕೊಂಡಿತು. ಸ್ವಲ್ಪ ಹೊತ್ತಾದ ಮೇಲೆ ಹನ್ನೊಂದರಿಂದ ಮೂರಕ್ಕೆ ಬರುವುದು ಅಷ್ಟು ಸುಲಭವೇ ಎಂಬ ಪ್ರಶ್ನೆ ಎದ್ದಿತು. ತುಣುಕನ್ನು ಬೆಳಕಿಗೆ ಹಿಡಿದು ನೋಡಿದೆ. ಹಿಂಬದಿಯಲ್ಲಿ ಹಳೆಯ ಸೋಫಾ ಮಾರಾಟದ ಜಾಹೀರಾತಿತ್ತು. ಅದು ನಿಜದ್ದೇ ಅನ್ನಿಸಿತು. ಆದರೂ ಮೂಲದಿಂದಲೇ ತಿಳಿದುಕೊಳ್ಳುವುದು ಒಳ್ಳೆಯದೆಂದು, ಕೀತನಿಗೆ ಗೊತ್ತಾಗದ ಹಾಗೆ, ಅವನ ಪತ್ರದಲ್ಲಿದ್ದ ವಿಳಾಸಕ್ಕೇ ನೇರ ಅಪ್ಪನ ಹೆಸರಿಗೆ ಒಂದು ಕಾಗದ ಬರೆದೆ. ಮೂರು ವಾರದಲ್ಲಿ ಉತ್ತರ ಬಂತು. ನಾವು ಮೇಲೆ ಹೋಗಿದ್ದೇವೆ, ಹುಡುಗ ಹೇಳಿದ್ದು ಸರಿ ಎಂದು ಎರಡೇ ಸಾಲು.

ನಿನ್ನೆ ಹಿಲ್ಡಾ ಡ್ಯೂಟಿ ಮುಗಿಸಿ ಬಂದಾಗ ನಾನು ಎರಡೂ ಪತ್ರಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಹರಡಿಕೊಂಡು ಕುಳಿತಿದ್ದೆ. ಅಕ್ಷರ ಎರಡರಲ್ಲೂ ಒಂದೇ ಥರ ಕಾಣುತ್ತದೆ, ಅದರಲ್ಲೂ ಅಂಕಿಗಳು. ಅಪ್ಪ ಮಗನ ಅಕ್ಷರ ಒಂದೇ ಥರ ಇರುವುದು ಸಹಜ ಅಲ್ಲವಾ ಮಾರಾಯ್ರೆ, ಎಂದಳು ಅವಳು.

ಇರಬಹುದು.